ಪಾದದ ಮೇಲೆ ಗುಬ್ಬಿಗೊಂದು ಜಾಗ

ಚಪ್ಪಲಿ ಅಂಗಡಿಗೆ ಬರುವವರೆಲ್ಲ ಅವಳನ್ನು ಅಳತೆಯಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಅದೇ ಗಿಡ್ಡ ಸ್ಟೂಲಿನ ಮೇಲೆ ಕೂತು ಕಂಡವರ ಕಾಲಿಗೆಲ್ಲ ಶೂ ತೊಡಿಸಿದವಳು. ಅಳತೆಪಟ್ಟಿಯ ಗೊಡವೆಯೇ ಇಲ್ಲ, ಹಿಮ್ಮಡಿಯನ್ನು ಒಮ್ಮೆ ಅಂಗೈಯಲ್ಲಿ ಹಿಡಿದರೆ ಸಾಕು, "ಏಳು. ಎಡಗಾಲು ಒಂಚೂರು ದೊಡ್ಡದು" ಎಂದುಬಿಡುತ್ತಿದ್ದಳು. ತನ್ನ ಕಾಲನ್ನು ಮಾತ್ರ ಬೆಳಿಗ್ಗೆ ಕಪ್ಪು ಶೂಗೆ ತುರುಕಿದರೆ ಸಂಜೆಯವರೆಗೆ ಮರೆತೇ ಇರುತ್ತಿದ್ದಳು.

ಹಚ್ಚೆಯ ಹುಚ್ಚು ಹತ್ತಿಸಿದ್ದು ತಂಗಿ. ಶಾಲೆಯೊಂದರ ಅಡುಗೆಮನೆಯಲ್ಲಿ ಅವಳ ಕೆಲಸ; ದಿನವಿಡೀ ಒದ್ದೆ ನೆಲ, ರಬ್ಬರ್ ಬೂಟು. ನಲವತ್ತೈದು ತುಂಬಿದ ದಿನ ಪಟ್ಟು ಹಿಡಿದು ಕೂತಳು.

"ಇಬ್ರೂ ಕಾಲ ಮೇಲೆ ಒಂದೊಂದು ಗುಬ್ಬಚ್ಚಿ ಹಾಕಿಸ್ಕೊಳ್ಳೋಣ ಅಕ್ಕಾ."

"ಈ ವಯಸ್ಸಲ್ಲಾ? ತಲೆ ನೆಟ್ಟಗಿದೆ ತಾನೇ?"

"ನಿಂಗೂ ಎರಡು ಕಾಲಿವೆ ಅಂತ ನಿಂಗಾದ್ರೂ ನೆನಪಿರ್ಲಿ."

ಆ ಮಾತು ಎಲ್ಲೋ ನಾಟಿತು. ಮುಂದಿನ ಭಾನುವಾರ ಅಕ್ಕತಂಗಿಯರಿಬ್ಬರೂ ಹಚ್ಚೆ ಅಂಗಡಿಯ ಬೆಂಚಿನ ಮೇಲಿದ್ದರು.

ಹಚ್ಚೆ ಹಾಕುವವನು ದಪ್ಪ ಕನ್ನಡಕದ, ಮೆಲುಮಾತಿನ ಮನುಷ್ಯ. "ಮೊದಲೇ ಹೇಳ್ಬಿಡ್ತೀನಿ," ಎಂದ. "ಕೈ ಮೇಲೆ ನಿಂತ ಹಾಗೆ ಹಚ್ಚೆ ಕಾಲ ಮೇಲೆ ನಿಲ್ಲಲ್ಲ. ಶೂ ಉಜ್ಜುತ್ತೆ, ಬೆವರುತ್ತೆ. ಬೆರಳ ಪಕ್ಕ, ಪಾದದ ಅಂಚಲ್ಲಂತೂ ಬೇಗ ಮಾಸುತ್ತೆ. ಎರಡು ವಾರ ಮುಚ್ಚಿದ ಶೂ ಹಾಕೋ ಹಾಗಿಲ್ಲ."

"ಒಂದು ಪೆನ್ನು ಕೊಡಿ," ಎಂದಳು ಅಳತೆಯಕ್ಕ. ಕಾಲನ್ನು ಬೆಂಚಿನ ಮೇಲಿಟ್ಟುಕೊಂಡು ಸರಸರನೆ ಗೆರೆ ಎಳೆದಳು. "ಇಲ್ಲಿ ಪಟ್ಟಿ ಬರುತ್ತೆ. ಇಲ್ಲಿ ಲೇಸು ಒತ್ತುತ್ತೆ. ಬೂಟು ಮಡಚ್ಕೊಳ್ಳೋದು ಇಲ್ಲಿ." ಎಲ್ಲ ಕಳೆದು ಕಣಕಾಲಿನ ಗಂಟಿನ ಮುಂದೆ ಹೆಬ್ಬೆಟ್ಟಿನಷ್ಟು ಜಾಗ ಉಳಿಯಿತು. "ಗುಬ್ಬಿ ಇಲ್ಲಿ ಕೂರ್ಲಿ. ಯಾವ ಶೂನೂ ಇದನ್ನ ಮುಟ್ಟಲ್ಲ."

ಅವನು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದ.

ತಂಗಿ ಮಾತ್ರ ಮೂಗು ಮುರಿದಳು. "ಪ್ಯಾಂಟು ಇಳಿದ್ರೆ ಅದು ಯಾರಿಗೆ ಕಾಣುತ್ತೆ? ನಂಗೆ ಕಿರುಬೆರಳ ಪಕ್ಕವೇ ಬೇಕು."

"ಅಲ್ಲಿ ನಿಲ್ಲಲ್ಲ ಕಣೇ."

"ನಿಲ್ಸೋದು ನಂಗೆ ಗೊತ್ತು."

ಸೂಜಿ ಹತ್ತಿರ ತಂದು ಅವನು, "ಸ್ವಲ್ಪ ಕಚ್ಚುತ್ತೆ, ಆಮೇಲೆ ಒಗ್ಗಿಹೋಗುತ್ತೆ," ಎಂದ. ಹೊಸ ಶೂ ಕೊಳ್ಳುವವರಿಗೆಲ್ಲ ಇದೇ ಮಾತು ಹೇಳಿ ಸಾಗಹಾಕಿದ್ದ ಅಳತೆಯಕ್ಕನಿಗೆ ನಗು ತಡೆಯಲಾಗಲಿಲ್ಲ. ಮೂಳೆಯ ಮೇಲೆ ಸೂಜಿ ಓಡತೊಡಗಿದಾಗ ನಗುವೆಲ್ಲ ಇಳಿದು, ತಾನು ಎಷ್ಟು ಜನಕ್ಕೆ ಸುಳ್ಳು ಹೇಳಿದ್ದೆ ಎಂದು ಹಲ್ಲು ಕಚ್ಚಿ ಲೆಕ್ಕ ಹಾಕಿದಳು.

ಸೋಮವಾರ ಅವಳು ತೆರೆದ ಚಪ್ಪಲಿಯಲ್ಲಿ ಬಂದದ್ದು ನೋಡಿ ಮಾಲೀಕನ ಹುಬ್ಬು ಮೇಲೇರಿತು. ಕೆಲಸದವರು ಕಪ್ಪು ಶೂ ಹಾಕಬೇಕೆಂಬುದು ಅಂಗಡಿಯ ಕಟ್ಟಳೆ. "ಎರಡು ವಾರ ಅಷ್ಟೇ ಸರ್. ಬೇಕಾದ್ರೆ ಯಾರೂ ಕೇಳದ ಆ ಕಂದು ಸ್ಯಾಂಡಲ್ಲನ್ನೇ ಹಾಕ್ಕೋತೀನಿ," ಎಂದಳು. ಆತ ಗೊಣಗುತ್ತ ಒಪ್ಪಿದ. ಆಮೇಲೆ ನಡೆದದ್ದು ತಮಾಷೆ. ಗಿರಾಕಿಗಳು ಮೊದಲು ಗುಬ್ಬಿಯನ್ನು ನೋಡುವರು, ಆಮೇಲೆ ಸ್ಯಾಂಡಲ್ಲನ್ನು. ವರ್ಷದಿಂದ ದೂಳು ತಿನ್ನುತ್ತಿದ್ದ ಸರಕು ಹತ್ತೇ ದಿನದಲ್ಲಿ ಖಾಲಿ. ಮಾಲೀಕ ಆಮೇಲೆ ಕಟ್ಟಳೆಯ ಸುದ್ದಿ ಎತ್ತಲಿಲ್ಲ.

ತಂಗಿ ನಾಲ್ಕನೆಯ ದಿನವೇ ಬೂಟಿಗೆ ಕಾಲಿಟ್ಟಿದ್ದಳು. ರಜೆ ಸಿಗಲಿಲ್ಲ, ಪಾಪ. ಗಾಯ ಒಣಗುವಷ್ಟರಲ್ಲಿ ಗುಬ್ಬಿಯ ಕೊಕ್ಕು ಹೋಯಿತು. ಆರು ತಿಂಗಳಿಗೆ ರೆಕ್ಕೆ. ವರ್ಷ ತುಂಬುವಾಗ ಉಳಿದದ್ದು ಕಾಳಿನಷ್ಟು ಮಸಿ.

"ನಗು, ನಕ್ಕುಬಿಡು," ಎಂದಳು ತಂಗಿ, ಕಾಲು ಚಾಚಿ.

ಅಳತೆಯಕ್ಕನ ನಾಲಿಗೆಯ ತುದಿಗೆ 'ಆವತ್ತೇ ಹೇಳಿದ್ದೆ' ಬಂದಿತ್ತು. ನುಂಗಿಕೊಂಡಳು. "ನಡಿ, ಮತ್ತೆ ಹಾಕಿಸೋಣ. ಈ ಸಲ ನಾನು ತೋರಿಸಿದಲ್ಲಿ."

"ಊಹೂಂ. ಅಲ್ಲೇ. ಈ ಸಲ ಎರಡು ವಾರ ರಜೆ ಬರ್ಸಿಟ್ಟಿದ್ದೀನಿ."

ಹೋದರು. ಹಚ್ಚೆಯವನು ಅಳತೆಯಕ್ಕನನ್ನು ಕಂಡದ್ದೇ ತಡ, ಎದ್ದು ಬಂದ. ಅಲ್ಲಿ ಆಗಲೇ ಒಬ್ಬಾಕೆ ಪಾದ ಚಾಚಿ ಕೂತಿದ್ದಳು. "ಮೇಡಂ, ಇವ್ರು ದಿನಾ ಓಡೋಕೆ ಹೋಗ್ತಾರಂತೆ. ಎಲ್ಲಿ ಹಾಕಿದ್ರೆ ನಿಲ್ಲುತ್ತೆ, ಒಂಚೂರು ನೋಡ್ತೀರಾ?" ಅಳತೆಯಕ್ಕ ಆಕೆಯ ಹಿಮ್ಮಡಿಯನ್ನು ಅಂಗೈಗೆ ತೆಗೆದುಕೊಂಡು, ಶೂ ತರಿಸಿ ಒಳಗೆ ಬೆರಳಾಡಿಸಿ, ಗೆರೆ ಎಳೆದುಕೊಟ್ಟಳು. ಅಂದಿನಿಂದ ಭಾನುವಾರ ಮಧ್ಯಾಹ್ನ ಅಲ್ಲಿ ಅವಳಿಗೊಂದು ಕುರ್ಚಿ ಇದೆ. ಅದು ಗಿಡ್ಡ ಸ್ಟೂಲಲ್ಲ, ಒರಗುವ ಕುರ್ಚಿ. ಕಾಲನ್ನು ಅವಳ ಎತ್ತರಕ್ಕೆ ಎತ್ತಿಡುವುದು ಬಂದವರ ಕೆಲಸ.

ತಂಗಿಯ ಎರಡನೆಯ ಗುಬ್ಬಿಯೂ ಬಾಲದ ಕಡೆಯಿಂದ ತೆಳ್ಳಗಾಗುತ್ತಿದೆ. ಅವಳು ತಲೆ ಕೆಡಿಸಿಕೊಂಡಿಲ್ಲ, ಮೂರನೆಯದಕ್ಕೆ ಬಣ್ಣ ಯಾವುದೆಂದು ಯೋಚಿಸುತ್ತಿದ್ದಾಳೆ. ಅಳತೆಯಕ್ಕನದಕ್ಕೆ ಈಗ ಆರು ವರ್ಷ. ಕೊಕ್ಕು, ಕಣ್ಣು ಎಲ್ಲ ನೆಟ್ಟಗಿವೆ; ಗೆರೆ ಮಾತ್ರ ತುಸು ಹರಡಿ ಹೊಟ್ಟೆ ಉಬ್ಬಿದೆ.

"ನಿನ್ನ ಗುಬ್ಬಿ ದಪ್ಪಗಾಗಿದೆ ಕಣೇ ಅಕ್ಕಾ," ಎಂದಳು ತಂಗಿ ಮೊನ್ನೆ.

"ನಾನೊಬ್ಳೇ ದಪ್ಪಗಾದ್ರೆ ಚೆನ್ನಾಗಿರುತ್ತಾ?" ಎಂದು ಅಳತೆಯಕ್ಕ ಕಾಲ ಮೇಲೆ ಕಾಲು ಹಾಕಿ ಕೂತಳು.