ತಂಬಾಕಿನ ಬಯಕಿ

ನಮ್ಮವ್ವ ಊಟಾ ಬಿಟ್ಟಾಳು, ಚಂಚಿ ಬಿಡಾಕಿ ಅಲ್ಲ. ಎಲಿ, ಅಡಿಕಿ, ಸುಣ್ಣದ ಡಬ್ಬಿ, ತಂಬಾಕು, ಒಂದೊಂದಕ್ಕ ಒಂದೊಂದು ಕಿಸೆ ಹೊಲಿದ ಅರಿವಿ ಚೀಲ ಅದು. ಸದಾ ಸೊಂಟದಾಗ ಸಿಗಿಸಿರತಿದ್ಲು. ನಮ್ಮೂರು ಮುಶಿಗೇರಿಯೊಳಗ ಕೂಲಿಗೆ ಹೋಗೋ ಹೆಣ್ಮಕ್ಕಳೆಲ್ಲಾ ಹಂಗ. ಹೊತ್ತು ನೆತ್ತಿಗೆ ಬರೋತನಕ ಬಗ್ಗಿ ಹತ್ತಿ ಬಿಡಿಸಿ, ಹೊಟ್ಟಿ ಚುರುಚುರು ಅಂದಾಗ ಒಂದು ಚೂರು ತಂಬಾಕಿಗೆ ಸುಣ್ಣ ಹಚ್ಚಿ, ಅಂಗೈಯಾಗ ತಿಕ್ಕಿ ದವಡಿಗೆ ಇಟ್ಟರ ಮುಗೀತು, ಹಸಿವಿ ಸತ್ತು ಹೋಗ್ತಿತ್ತು. ರೊಟ್ಟಿ ಕಮ್ಮಿ ಬಿದ್ದ ಮನ್ಯಾಗ ಮಕ್ಕಳಿಗೆ ರೊಟ್ಟಿ, ಅವ್ವಗ ತಂಬಾಕು. ಈಗ ಯಾರರ "ಹೆಣ್ಮಕ್ಕಳಿಗೆ ಅದೇನು ಹಾಳು ಚಟ" ಅಂತ ಮೂಗು ಮುರಿದ್ರ ನನಗ ಮೈಯೆಲ್ಲಾ ಉರೀತೈತಿ. ಮೊದಲು ಆ ಹೊಲದಾಗ ಒಂದಿನ ಬಗ್ಗಿ ಬರ್ರಿ, ಆಮ್ಯಾಲ ಮಾತಾಡೋಣಂತ.

ಅಕ್ಕ ನನಗಿಂತ ಭಾಳ ದೊಡ್ಡಾಕಿ. ನಮ್ಮಿಬ್ಬರ ನಡುವ ಹುಟ್ಟಿದ ಎರಡು ಗಂಡು ಕೂಸು ಉಳೀಲಿಲ್ಲ. ಅವ್ವ ಅದನ್ನ ಹಣೇಬಾರ ಅಂತ ನುಂಗಿಕೊಂಡಿದ್ಲು. ಅಕ್ಕನ್ನ ಚಿಕ್ಕನರಗುಂದಕ್ಕ ಕೊಟ್ಟಿದ್ವಿ. ಆಕಿದೂ ಅದ ಪಾಡಾತು. ಎರಡು ಸಲ ಹಡೆದ್ಲು, ಎರಡೂ ಅಂಗೈಯಷ್ಟ ಹುಟ್ಟಿ, ಚಲೋತ್ನಾಗ ಅಳೋದರೊಳಗ ಹೋದ್ವು. ಮೂರನೇ ಸಲ ಬಸರಾದಾಗ ಅತ್ತಿ ಮುಖದ ಮ್ಯಾಲೆ ಹೇಳಿಬಿಟ್ಟಿದ್ಲಂತ: "ಇದೊಂದು ಉಳಿಸ್ಕೋ ನೋಡು. ಇಲ್ಲಂದ್ರ ನನ್ನ ಮಗಗ ಇನ್ನೊಂದು ಲಗ್ನ ಮಾಡ್ತೀನಿ." ಅಕ್ಕ ತವರಿಗೆ ಬಂದು ಇದನ್ನ ಹೇಳಿ, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಿದ್ದು ಇನ್ನೂ ಕಣ್ಣಿಗೆ ಕಟ್ಟಿದಂಗೈತಿ.

ಬಸರಿ ತವರಿಗೆ ಬಂದಳಂದ್ರ ಓಣಿ ಹೆಣ್ಮಕ್ಕಳು ಸುಮ್ಮನಿರತಾರೇನು? "ಏನು ತಿನ್ನಬೇಕನಿಸ್ತೈತಿ ನಮ್ಮವ್ವಾ?" ಅಂತ ಕೇಳಿ, ಅದನ್ನ ಸೆರಗಿನ ಮರೆಯಾಗ ಹಿಡಕೊಂಡು ಬರ್ತಾರ. ಬಯಕಿ ತೀರಸದಿದ್ರ ಹುಟ್ಟಿದ ಕೂಸಿನ ಕಿವಿ ಸೋರ್ತಾವಂತ ನಮ್ಮ ಕಡೆ ನಂಬಿಕಿ. ಬ್ಯಾರೆ ಬಸರಿಯರು ಹುಳಿ ಹುಣಸಿಕಾಯಿ ಕೇಳ್ತಾರ, ಸಿಹಿ ಮಾದಲಿ ಕೇಳ್ತಾರ. ನಮ್ಮಕ್ಕಗ ಮೂರೂ ಸಲ ಹೋಗಿ ಹೋಗಿ ತಂಬಾಕಿನ ಬಯಕಿ! ಅನ್ನ ಕಂಡ್ರ ವಾಕರಿಕಿ, ತಂಬಾಕು ಇಟ್ಕೊಂಡ್ರ ನಿಲ್ತಿತ್ತು. ಬಂದ್ರು ನೋಡ್ರಿ ಒಬ್ಬೊಬ್ಬರ. ಒಬ್ಬಾಕಿ ನರೇಗಲ್ ಸಂತಿಯಿಂದ ಖಾರ ತಂಬಾಕು ತಂದ್ಲು. ಇನ್ನೊಬ್ಬಾಕಿ ಗಜೇಂದ್ರಗಡಕ್ಕ ಹೋದ ಗಂಡನ ಕೈಲೆ ತರಿಸಿದ್ಲು. ಬಾಜೂ ಮನಿ ಮುದುಕಿಯಂತೂ ತನ್ನ ಚಂಚಿ ಝಾಡಿಸಿ ಕೊಟ್ಲು. ಎಲ್ಲಾರೂ ಖರೇನ ಪ್ರೀತಿಲೆ ಕೊಟ್ರು. ಅವ್ವ ತಾನ ಸುಣ್ಣ ಹಚ್ಚಿ ತಿಕ್ಕಿ ಮಗಳ ಕೈಯಾಗ ಇಡತಿದ್ಲು.

ಒಂದಿನ ಅಂಗಳದಾಗ ಅಕ್ಕ ಕಣ್ಣು ಕತ್ತಲಿಟ್ಟು ಬಿದ್ಲು. ಚಕ್ಕಡಿ ಹೂಡಿಸಿ ರೋಣದ ದವಾಖಾನಿಗೆ ಒಯ್ದ್ವಿ. ಡಾಕ್ಟರಬಾಯಿ ಹೊಟ್ಟಿ ಮುಟ್ಟಿ ನೋಡಿ, ಕಣ್ಣಿನ ರೆಪ್ಪಿ ಎಳೆದು ನೋಡಿ, ಬಾಯಿ ತಗಸಿದ್ರು. ದವಡಿಯೊಳಗ ತೊಗಲು ಬೆಳ್ಳಗ ಸುಲಿದಿತ್ತು.

"ದಿನಾ ಏನುಣ್ತೀಯವ್ವಾ?" ಅಂತ ಕೇಳಿದ್ರು. "ಅನ್ನ ಸೇರಂಗಿಲ್ರಿ, ತಂಬಾಕು ಇಟ್ಕೋತೀನಿ," ಅಂದ್ಲು ಅಕ್ಕ.

"ತಂಬಾಕು ಹಸಿವಿ ಕೊಲ್ತೈತಿ. ನೀ ಉಣ್ಣದಿದ್ರ ಒಳಗಿನ ಕೂಸು ಏನು ಉಣ್ಣಬೇಕು? ಮ್ಯಾಲೆ ಆ ವಿಷ ಅದಕ್ಕೂ ಹೋಗ್ತೈತಿ. ಮೊದಲಿನವೂ ಹಿಂಗ ಸಣ್ಣವು ಹುಟ್ಟಿದ್ವೇನು?"

"ಹೌದ್ರಿ," ಅಂದ್ಲು ಅಕ್ಕ.

"ಇವತ್ತ ಬಿಡು. ಬಿಟ್ಟು ಹೊಟ್ಟಿ ತುಂಬ ಉಂಡ್ರ ಇದು ಉಳಿದೀತು."

ಅವ್ವ ಮನಿಗೆ ಬಂದಕೂಡಲೆ ತನ್ನ ಸೊಂಟದ ಚಂಚಿ ತಗದು ಉರಿಯೋ ಒಲಿಗೆ ಹಾಕಿದ್ಲು. ಮನಿಯೆಲ್ಲಾ ಘಾಟು. ನಾವೆಲ್ಲಾ ಕೆಮ್ಮಕೋತ ಹೊರಗ ಓಡಿದ್ವಿ.

ಬಿಡೋದು ಅಂದ್ರ ಹುಡುಗಾಟ ಆಗಿದ್ದಿಲ್ಲ. ಅಕ್ಕ ತಲಿಶೂಲಿ ಅಂತ ಗ್ವಾಡಿಗೆ ಹಣಿ ಒತ್ತಿ ಕುಂದರತಿದ್ಲು, ಮಾತು ಮಾತಿಗೆ ಸಿಡುಕತಿದ್ಲು. ಅವ್ವ ಮರತು ಸೊಂಟಕ್ಕ ಕೈ ಹಾಕಿ, ಚಂಚಿ ಇಲ್ಲದ್ದು ನೆನಪಾಗಿ ಕೈ ತಗೀತಿದ್ಲು. ಆದರೂ ತಾನು ತಿಂದು ಮಗಳಿಗೆ ಬ್ಯಾಡ ಅನ್ನೋದು ಹ್ಯಾಂಗ? ಇಬ್ಬರೂ ತಂಬಾಕಿನ ಬದಲಿ ದವಡ್ಯಾಗ ಪುಟಾಣಿ ಕಡ್ಲಿ ಇಟ್ಕೊಂಡು ಒಬ್ಬರ ಮಾರಿ ಒಬ್ಬರು ನೋಡಕೋತ ಕುಂದರೋರು. ನನಗ ನಗು ಬರ್ತಿತ್ತು, ನಕ್ಕರ ಬೆನ್ನಿಗೆ ಗುದ್ದು ಬೀಳ್ತಿತ್ತು.

ಓಣಿಯವರು ಬಿಟ್ಟಾರ? ಸೆರಗಿನಾಗ ತಂಬಾಕು ಕಟ್ಟಿಕೊಂಡು ಬಂದು, ಅವ್ವ ಹೊಸ್ತಿಲಾಗ ತಡದ್ಲು ಅಂತ ಸಿಟ್ಟಾದ್ರು. "ಬಸರಿ ಬಯಕಿ ತಡೀತಿಯಲ್ಲಾ, ನೀ ಹಡೆದ ತಾಯೇನ? ನಾಳೆ ಕೂಸಿನ ಕಿವಿ ಸೋರಲಿ, ಆಗ ತಿಳೀತೈತಿ!"

"ಸೋರಿದ್ರ ಸೋರ್ಲಿ ತಗೋ! ಕಿವಿ ಸೋರಾಕರ ಕೂಸು ಇರಬೇಕಲ್ಲ!" ಅಂದು ಅವ್ವ ಕದ ಹಾಕಿದ್ಲು. ಹಂಗ ಅಂದಾಕಿ ಒಳಗ ಬಂದು ದೇವರ ಮುಂದ ಗಲ್ಲ ಗಲ್ಲ ಬಡಕೊಂಡ್ಲು. ಆಕಿಗೂ ಅಂಜಿಕಿ ಇತ್ತು, ಪಾಪ.

ಆಮ್ಯಾಲ ಒಂದಿನ ಉಣ್ಣಾಕ ಕುಂತಾಗ ಅಕ್ಕ ತಾನಾಗಿ, "ಯವ್ವಾ, ಇನ್ನೊಂದು ರೊಟ್ಟಿ ಹಾಕು," ಅಂದ್ಲು. ಬುಟ್ಟ್ಯಾಗ ಉಳಿದಿದ್ದು ಅವ್ವಂದ. ಅದನ್ನ ಎತ್ತಿ ಹಾಕಿ ಅವ್ವ ನೀರು ಕುಡಿದ್ಲು. ಈ ಸಲ ಆಕಿ ಹಸಿವಿ ಕೊಲ್ಲಾಕ ತಂಬಾಕೂ ಇದ್ದಿದ್ದಿಲ್ಲ.

ಹೆಣ್ಣು ಹುಟ್ಟಿತು. ಏನು ದನಿ ಅಂತೀರಿ! ಓಣಿ ತುದಿಗೆ ಕೇಳತಿತ್ತು. ಚಿಕ್ಕನರಗುಂದದಿಂದ ಅತ್ತಿ ಬಂದ್ಲು, ಗುಂಡಗುಂಡಗ ಇದ್ದ ಮೊಮ್ಮಗಳನ್ನ ಎತ್ತಿಕೊಂಡ್ಲು, ಮತ್ತ ಕೆಳಗ ಇಳಸಲಿಲ್ಲ. ಲಗ್ನದ ಮಾತು ಅಲ್ಲೇ ಸತ್ತಿತು. ತೊಟ್ಟಲಕ್ಕ ಹಾಕಿದ ದಿನ ಓಣಿ ಹೆಣ್ಮಕ್ಕಳೆಲ್ಲಾ ಮೊದಲು ನೋಡಿದ್ದು ಏನು ಗೊತ್ತೇನ್ರಿ? ಕೂಸಿನ ಕಿವಿ! ಒಬ್ಬಾಕಿ ಬೆರಳಿಟ್ಟು ನೋಡಿದ್ಲು, ಇನ್ನೊಬ್ಬಾಕಿ ಹೊಳ್ಳಿಸಿ ನೋಡಿದ್ಲು. "ಒಣಗ್ಯಾವ ಬಿಡವ್ವಾ!" ಅಂದ್ಲು ಬಾಜೂ ಮನಿ ಮುದುಕಿ. ಮನಿ ತುಂಬ ನಗಿ.

ಅವ್ವ ಮಾತ್ರ ಕಾಣಲಿಲ್ಲ. ಹುಡುಕಿಕೊಂಡು ಹೋದ್ರ ಹಿತ್ತಲದಾಗ ಒಬ್ಬಾಕಿನ ಕುಂತು ಬಿಕ್ಕಿ ಬಿಕ್ಕಿ ಅಳಾಕತ್ತಿದ್ಲು.

"ಯಾಕ ಯವ್ವಾ? ಎಲ್ಲಾರೂ ನಗಾಕತ್ತಾರ, ನಿನಗೇನಾತು?" ಅಂದೆ.

"ಇದು ಉಳೀತಲ್ಲ ಮಗಳ," ಅಂದ್ಲು. "ಹಂಗಾದ್ರ ನನ್ನವೆರಡೂ ಉಳೀತಿದ್ವು."