ಎಂಡು ಸೀನಪ್ಪ ಎಂಬ ಹೆಸರು

ಬೀಗರೇ, ಆ ಟ್ಯಾಕ್ಸಿಯ ಎಂಜಿನ್ ಕೆಟ್ಟದ್ದು ಎಣ್ಣೆ ಇಲ್ಲದೆ ಅಲ್ಲ. ನನ್ನ ಕೈಯಿಂದ. ಪಿಸ್ಟನ್ ಬಿರುಕು ಬಿಟ್ಟದ್ದು ಚಿಂತಾಮಣಿಯ ನನ್ನ ಗ್ಯಾರೇಜಿನಲ್ಲೇ, ನೀವು ಗಾಡಿ ತೆಗೆದುಕೊಂಡು ಹೋಗುವುದಕ್ಕೆ ಮೊದಲೇ. ಗೊತ್ತಿದ್ದೂ ಗಾಡಿ ಕೊಟ್ಟೆ. ಗೊತ್ತಿದ್ದೂ ತಪ್ಪನ್ನು ನಿಮ್ಮ ತಲೆಗೆ ಕಟ್ಟಿದೆ.

ಇಷ್ಟು ಹೇಳುವುದಕ್ಕೆ ನಮ್ಮ ಚೈತ್ರಾ ಬೇಕಾಯಿತು — ನಿಮ್ಮ ಮಗನಿಗೂ ನನ್ನ ಮಗಳಿಗೂ ಹುಟ್ಟಿದ, ಇಬ್ಬರು ತಾತಂದಿರಿಗೂ ಇರುವ ಒಬ್ಬಳೇ ಮೊಮ್ಮಗಳು.

ಮೊದಲು ಸಂತೋಷವನ್ನೇ ಹೇಳಿಬಿಡುತ್ತೇನೆ, ಅದರ ಬಾಲ ಹಿಡಿದುಕೊಂಡೇ ಈ ಪಾಪ ಹೊರಗೆ ಬಂದದ್ದು. ಅಳಿಯಂದಿರು ಮೇಲೂರಿನ ಮನೆಯ ಶೆಡ್ಡಿಗೆ ಹಳೆಯ ಅಂಬಾಸಿಡರ್ ತಂದು ನಿಲ್ಲಿಸಿದ್ದಾರೆ, ಡಿಪ್ಲೊಮಾ ಓದುವ ಮಗು ಅದನ್ನು ತಾನೇ ಬಿಚ್ಚಿ ರಿಪೇರಿ ಮಾಡುತ್ತೇನೆ ಎಂದು ಹಟ ಹಿಡಿದಿದೆ — ನಿಮ್ಮ ಮನೆಯ ಸುದ್ದಿ, ನಿಮಗೆ ನಾನು ಹೇಳಬೇಕೆ. ಹೋದ ವಾರ ಮುಖ ಕಾಣುವ ಹಾಗೆ ಫೋನ್ ಮಾಡಿದಳು. ಪಿಸ್ಟನ್ ಸ್ಟಾಪ್ ತರಿಸಬೇಕಂತೆ. ಸ್ಪಾರ್ಕ್ ಪ್ಲಗ್ ಬಿಚ್ಚಿದ ತೂತಿಗೆ ತಿರುಪಿ ಇಟ್ಟರೆ ಮೇಲೆ ಬರುವ ಪಿಸ್ಟನ್ನನ್ನು ತಡೆದು ನಿಲ್ಲಿಸುವ ಸಣ್ಣ ಸಾಮಾನು ಅದು. ಎಂಜಿನ್ ಅಲ್ಲಾಡದೆ ನಿಂತರೆ ಮುಂದಿನ ದೊಡ್ಡ ನಟ್ಟು ಬಿಚ್ಚಲು ಬರುತ್ತದೆ. ಕಬ್ಬಿಣದ್ದು, ತುದಿಗೆ ಅಲ್ಯೂಮಿನಿಯಂ ಇರುವುದು, ಪ್ಲಾಸ್ಟಿಕ್ಕಿನದು — ಮೂರರ ಚಿತ್ರ ಕಳಿಸಿ, ಯಾವುದು ತೆಗೆದುಕೊಳ್ಳಲಿ ಎಂದು ನನ್ನನ್ನು ಕೇಳಿದಳು.

ನನ್ನನ್ನು! ಮೂರನೆಯ ಕ್ಲಾಸಿಗೆ ಸ್ಲೇಟು ಬಿಟ್ಟವನನ್ನು! ಹಿಗ್ಗಿ ಹೀರೇಕಾಯಿಯಾದೆ ಬೀಗರೇ. ಹಾಲು ಹಾಕಲು ಬಂದ ಹೆಂಗಸಿಗೂ ಆ ಚಿತ್ರಗಳನ್ನು ತೋರಿಸಿದೆ. ಆಕೆ ಏನೋ ಒಡವೆ ಎಂದುಕೊಂಡು, ಮೊಮ್ಮಗಳಿಗೆ ಮದುವೆಯೇ ಎಂದು ಕೇಳಿದರು.

ಆದರೆ ಫೋನ್ ಇಡುವಾಗ ಮಗು ನಗುತ್ತಾ ಒಂದು ಮಾತು ಅಂದಳು. "ನಮ್ಮ ಎಂಡು ತಾತನ್ನ ಕೇಳೋ ಹಾಗಿಲ್ಲಪ್ಪ. ಅವರು ಆಯಿಲ್ ಹಾಕೋದೇ ಮರ್ತು ಬಿಡ್ತಾರೆ."

ಅವಳ ಬೆನ್ನ ಹಿಂದೆ ಕುರ್ಚಿಯಲ್ಲಿ ನೀವು ಕೂತಿದ್ದಿರಿ. ನೀವೂ ನಕ್ಕಿರಿ. ಆ ನಗುವನ್ನು ನಾನು ಕಂಡೆ. ಬೇಸರದ ನಗುವಾಗಿದ್ದರೆ ತಡೆದುಕೊಳ್ಳುತ್ತಿದ್ದೆ — ಅದು ಒಪ್ಪಿಕೊಂಡವನ ನಗು.

ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ನೀವು ಬೆಳಿಗ್ಗೆ ಗಾಡಿ ತೆಗೆಯುತ್ತಿದ್ದ ರೀತಿ ನನ್ನ ಕಣ್ಣಿಗೆ ಕಟ್ಟಿದೆ. ಮೊದಲು ಎಣ್ಣೆ ಎಷ್ಟಿದೆ ಎಂದು ನೋಡುವ ಆಯಿಲ್ ಕಡ್ಡಿ ಎಳೆಯುವುದು, ಹೆಗಲ ಟವಲಿನ ಮೂಲೆಗೆ ಒರೆಸುವುದು, ಮತ್ತೆ ಅದ್ದಿ ಬೆಳಕಿಗೆ ಹಿಡಿಯುವುದು. ಆ ಮೂಲೆ ಎಷ್ಟು ಒಗೆದರೂ ಕಪ್ಪು. "ಸೀನ ಹೆಂಡ್ತಿ ಮುಖ ನೋಡ್ದೆ ಇದ್ರೂ ಇರ್ತಾನೆ, ಕಡ್ಡಿ ನೋಡ್ದೆ ಇರಲ್ಲ ಕಣೋ" ಎಂದು ರೇಗಿಸುತ್ತಿದ್ದವನು ನಾನೇ. ಆಗ ನಾವು ನೀನು ತಾನು ಎನ್ನುತ್ತಿದ್ದೆವು. ಬೀಗತನ ಬೆಳೆದ ಮೇಲೆ ನೀವು ತಾವು ಬಂತು. ನನಗೆ ಅದು ಅನುಕೂಲವೇ ಆಯಿತು — ನೀವು ಎನ್ನುವವರ ಮುಂದೆ ಬಾಯಿಬಿಡದಿರುವುದು ಸುಲಭ.

ಆ ದಿನ ಆದದ್ದು ಇಷ್ಟು. ನೀವು ಓಡಿಸುತ್ತಿದ್ದ ಗಾಡಿಯ ಯಜಮಾನರ ಮನೆಯಲ್ಲಿ ಮದುವೆ. ಸಂಜೆಗೆ ಗಾಡಿ ಬೇಕೇಬೇಕು ಎಂದಿದ್ದರು. ಟೈಮಿಂಗ್ ಚೈನ್ ಬದಲಾಯಿಸಲು ಮುಂದಿನ ನಟ್ಟು ಬಿಚ್ಚಬೇಕು. ಪಿಸ್ಟನ್ ಸ್ಟಾಪನ್ನು ಆಗ ಯಾರೂ ಕೊಳ್ಳುತ್ತಿರಲಿಲ್ಲ. ಹಳೆಯ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಆ ಜಾಗಕ್ಕೆ ಬೋಲ್ಟ್ ವೆಲ್ಡ್ ಮಾಡಿಸಿದರೆ ಆಯಿತು. ಬುದ್ಧಿ ಇದ್ದವರು ಬೋಲ್ಟಿನ ತುದಿಯನ್ನು ಅರದಿಂದ ಉಜ್ಜಿ ಗುಂಡಗೆ ಮಾಡುತ್ತಿದ್ದರು. ಇನ್ನೂ ಬುದ್ಧಿ ಇದ್ದವರು ಕಬ್ಬಿಣವನ್ನೇ ಮುಟ್ಟದೆ ತೂತಿನಿಂದ ಹತ್ತಿ ಹಗ್ಗ ತುಂಬುತ್ತಿದ್ದರು. ಪಿಸ್ಟನ್ ಮೆತ್ತಗೆ ಬಂದು ನಿಲ್ಲುತ್ತದೆ. ನನ್ನ ಹತ್ತಿರ ಅರ ಇತ್ತು. ಹಗ್ಗವೂ ಇತ್ತು. ತಾಳ್ಮೆ — ಅದೊಂದು ಇರಲಿಲ್ಲ.

ಉಜ್ಜದ ಬೋಲ್ಟನ್ನೇ ತಿರುಪಿದೆ. ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಎಳೆದೆ. ನಟ್ಟು ಜಗ್ಗಲಿಲ್ಲ. ಪೈಪಿನ ಮೇಲೆ ಕಾಲಿಟ್ಟು ತುಳಿದೆ. ಒಳಗೆ ಟಕ್ ಎಂದಿತು. ಅದು ನಟ್ಟು ಸಡಿಲವಾದ ಸದ್ದಲ್ಲ. ಗ್ಯಾರೇಜಿನಲ್ಲಿ ಬೆಳೆದ ಕಿವಿಗೆ ಅಷ್ಟು ಗೊತ್ತಾಗದೆ ಇರುತ್ತದೆಯೇ? ಎಂಜಿನ್ನಿನ ಮೇಲಿನ ಮುಚ್ಚಳ, ಹೆಡ್ಡು, ಎತ್ತಿ ನೋಡಬೇಕಿತ್ತು. ಎತ್ತಿದ್ದರೆ ಸಂಜೆಗೆ ಗಾಡಿ ಇಲ್ಲ, ಯಜಮಾನರ ಬೈಗುಳ, ಕೈ ಸರಿಯಿಲ್ಲದ ಮೆಕ್ಯಾನಿಕ್ ಎಂಬ ಹೆಸರು. ಚೈನ್ ಕಟ್ಟಿದೆ, ಸ್ಟಾರ್ಟ್ ಮಾಡಿದೆ. ಓಡಿತು. ಓಡಿತಲ್ಲ, ಇನ್ನೇನು — ಅಂದುಕೊಂಡೆ.

ಸ್ವಲ್ಪ ದಿನಕ್ಕೆ ನೀವು ಕೈವಾರಕ್ಕೆ ಜನ ಕೂರಿಸಿಕೊಂಡು ಹೋದ ಗಾಡಿ ಹೊಗೆ ಉಗುಳಿ ದಾರಿಯಲ್ಲೇ ನಿಂತಿತು. ಎಳೆದುಕೊಂಡು ಬಂದದ್ದು ನನ್ನ ಹತ್ತಿರಕ್ಕೇ. ಯಜಮಾನರು ಕಡ್ಡಿ ಎಳೆದು ನೋಡಿದರು, ಒಣಗಿತ್ತು. ಅದು ನಿಜವೇ; ಬೆಳಿಗ್ಗೆ ನೀವು ನೋಡಿದ್ದ ಎಣ್ಣೆಯನ್ನು ಒಡೆದ ಪಿಸ್ಟನ್ ದಾರಿಯುದ್ದಕ್ಕೂ ಹೊಗೆ ಮಾಡಿ ಊದಿಬಿಟ್ಟಿತ್ತು. ಹೆಡ್ ಎತ್ತಿ ಪಿಸ್ಟನ್ ಹೊರಗೆ ತೆಗೆದೆ. ಅದರ ನೆತ್ತಿಯ ಮೇಲೆ ನನ್ನ ಬೋಲ್ಟಿನ ಗುರುತು, ಕಾಸು ಒತ್ತಿದ ಹಾಗೆ. ಅಲ್ಲಿಂದಲೇ ಬಿರುಕು. ಯಜಮಾನರು ಬಗ್ಗಿ ನೋಡಿದಾಗ ಆ ಗುರುತಿನ ಮೇಲೆ ನನ್ನ ಹೆಬ್ಬೆರಳು ಇಟ್ಟುಕೊಂಡಿದ್ದೆ.

ಏನಯ್ಯಾ ಆಗಿದೆ ಎಂದು ಅವರು ಕೇಳಿದರು. ಅವರದು ತೆಲುಗು ಮನೆ, ನಾನೂ ತೆಲುಗಿನಲ್ಲೇ ಹೇಳಿದೆ —

"ಎಂಡಿಪೋಯಿಂದಿ ಸಾರ್."

ಒಣಗಿಹೋಗಿದೆ. ಒಂದೇ ಮಾತು. ಪಕ್ಕದಲ್ಲಿ ನಿಂತಿದ್ದ ಡ್ರೈವರುಗಳು ಅದನ್ನು ಎತ್ತಿಕೊಂಡರು. ಬೆಳಗಾಗುವಷ್ಟರಲ್ಲಿ ನೀವು ಎಂಡು ಸೀನಪ್ಪ. ತೆಲುಗಿನಲ್ಲಿ ಒಣ ಮೀನಿಗೆ ಎಂಡು ಚೇಪ ಎನ್ನುತ್ತಾರಲ್ಲ, ಹಾಗೆ ಕರೆದರು. ಯಜಮಾನರು ಕೀ ಕಿತ್ತುಕೊಂಡರು, ಬೇರೆ ಯಾರೂ ಗಾಡಿ ಕೊಡಲಿಲ್ಲ. ನೀವು ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಮೂಟೆ ಹೊರಲು ಹೋದಿರಿ. ಸ್ಟೀರಿಂಗ್ ಹಿಡಿದ ಕೈ ಅದು — ಮತ್ತೆ ಹಿಡಿಯಲಿಲ್ಲ.

ಆದರೆ ನನ್ನನ್ನು ಸುಡುವುದು ಅದೂ ಅಲ್ಲ. ಆ ವಾರ ನೀವು ಗ್ಯಾರೇಜಿಗೆ ಬಂದು ಕಲ್ಲಿನ ಮೇಲೆ ಕೂತು, "ಕಡ್ಡಿ ಎಳೆದು ನೋಡ್ದೆ ಅಂತ್ಲೇ ನೆನಪು ಕಣೋ. ನೋಡಿದ್ನೋ ಇಲ್ವೋ... ನೀನು ಒಳಗಡೆ ಕಂಡೋನು, ನೀನ್ ಹೇಳಿದ್ಮೇಲೆ ಇರ್ಬೋದು" ಎಂದಿರಿ. ನಾನು ಸ್ಪ್ಯಾನರ್ ಒರೆಸುತ್ತಾ ಇದ್ದೆ. ನಿಮ್ಮ ಕೆಲಸವನ್ನು ಯಜಮಾನರು ಕಿತ್ತುಕೊಂಡರು. ನಿಮ್ಮ ಕೈಯ ಮೇಲೆ ನಿಮಗಿದ್ದ ನಂಬಿಕೆಯನ್ನು ಕಿತ್ತವನು ನಾನು. ಅದಕ್ಕೂ ಮೇಲೆ, ಪೊಲೀಸಿಗೆ ಹೋಗಬೇಡಿ ಎಂದು ನಾನು ಯಜಮಾನರ ಕೈ ಹಿಡಿದೆನಲ್ಲ — ಅದನ್ನೇ ದೊಡ್ಡ ಉಪಕಾರವೆಂದು ತಿಳಿದು, ನಮ್ಮ ಮಗಳನ್ನು ಸೊಸೆ ಮಾಡಿಕೊಂಡಿರಿ. ಚಪ್ಪರದ ಕೆಳಗೆ ಎಲ್ಲರೆದುರು ಇವನು ನನ್ನ ಕಾಪಾಡಿದವನು ಎಂದಿರಿ. ಆವತ್ತಾದರೂ...

ಇಲ್ಲ. ಹೇಳಲಿಲ್ಲ.

ನಿನ್ನೆ ಚೈತ್ರಾಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಕಬ್ಬಿಣದ್ದು ಬೇಡ, ಮೆತ್ತನೆಯ ತುದಿಯದು ತಗೋ, ಕೈಯಲ್ಲೇ ತಿರುಪು, ಪಿಸ್ಟನ್ ತಾಗುವ ತನಕ ಎಂಜಿನ್ನನ್ನು ನಿಧಾನವಾಗಿ ತಿರುಗಿಸು, ಏನಾದರೂ ಆಗಲಿ, ತುಳಿಯಬೇಡ ಎಂದೆ. ಯಾಕೆ ಎಂದಳು. ಅದಕ್ಕೆ ಉತ್ತರವಾಗಿ ಈ ಕಥೆ. ಪೂರ್ತಿ ಕೇಳಿಸಿಕೊಂಡು ಅಂದಳು —

"ತಾತ, ನಾನು ಅವರನ್ನ ಚಿಕ್ಕೋಳಿಂದ ಏನಂತ ಕರೀತಿದ್ದೆ ಗೊತ್ತಾ ನಿಮ್ಗೆ?"

ಗೊತ್ತು ಅಂದೆ. ಫೋನ್ ಇಟ್ಟಳು. ನಾನೇ ಹೇಳುವ ತನಕ ತಾನು ಮನೆಯಲ್ಲಿ ಯಾರಿಗೂ ಹೇಳುವುದಿಲ್ಲ ಎಂದು ಆಮೇಲೆ ಒಂದು ಸಾಲು ಕಳಿಸಿದಳು. ಮೂರರಲ್ಲಿ ಯಾವುದನ್ನು ತರಿಸಿದಳೋ ಗೊತ್ತಿಲ್ಲ. ಇನ್ನು ಮುಂದೆ ನನ್ನನ್ನು ಏನನ್ನಾದರೂ ಕೇಳುತ್ತಾಳೋ ಇಲ್ಲವೋ, ಅದೂ ಗೊತ್ತಿಲ್ಲ. ಕೇಳದಿದ್ದರೆ ಅದು ನನಗೆ ಸಲ್ಲಬೇಕಾದದ್ದೇ.

ನಿಮಗೆ ಹೇಳಿದ್ದಾಯಿತು. ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ನೀವು ಕ್ಷಮಿಸಿಬಿಡುತ್ತೀರಿ, ನಿಮ್ಮ ಗುಣ ನನಗೆ ಗೊತ್ತು. ಸ್ಟ್ಯಾಂಡಿನ ಪಕ್ಕದ ಟೀ ಅಂಗಡಿಯಲ್ಲಿ ನಮ್ಮ ಕಾಲದ ಡ್ರೈವರುಗಳು ಈಗಲೂ ಬೆಳಿಗ್ಗೆ ಕೂರುತ್ತಾರೆ. ಎಂಡು ಸೀನಪ್ಪ ಹೇಗಿದ್ದಾನೆ ಎಂದು ಈಗಲೂ ನನ್ನನ್ನೇ ಕೇಳುತ್ತಾರೆ. ನಾಳೆ ಕೇಳಿದರೆ, ಆ ಎಂಜಿನ್ ಒಡೆದವನು ನಾನು, ಅವರ ಹೆಸರು ಶ್ರೀನಿವಾಸಪ್ಪ ಎಂದು ಹೇಳುತ್ತೇನೆ. ಕೇಳದಿದ್ದರೂ ಹೇಳುತ್ತೇನೆ.