ಓರೆ ಬೆಳಕಿನ ದೇಶಪಾಂಡೆ ಕಾಕಾ

ದೇಶಪಾಂಡೆ ಕಾಕಾ ಯಾವ ಕಾಗದವನ್ನೂ ನೇರ ಬೆಳಕಿನಲ್ಲಿ ಓದಿದವರಲ್ಲ. ಕರೆಂಟಿನ ಹೈಡ್ರೋ ಬಿಲ್ಲಾಗಲಿ, ಮದುವೆಯ ಕರೆಯೋಲೆಯಾಗಲಿ, ಕೈಗೆ ಬಂದ ಕೂಡಲೇ ಹತ್ತಿರದ ಟೇಬಲ್ ಲ್ಯಾಂಪಿನ ಕತ್ತು ಹಿಡಿದು ಎಡಗಡೆಗೆ ಎಳೆಯುತ್ತಿದ್ದರು. ದೀಪ ಜರುಗದಿದ್ದರೆ ತಾವೇ ಜರುಗುತ್ತಿದ್ದರು. ಒಮ್ಮೆ ಮಾಲ್ಟನ್ನಿನ ಹೋಟೆಲೊಂದರಲ್ಲಿ ಮೆನು ಹಿಡಿದು ಕಿಟಕಿಯ ಬಳಿ ಹೋಗಿ ನಿಂತರು. ಗಿರಾಕಿ ಎದ್ದು ಹೊರಟರೆಂದು ತಿಳಿದು ಮಾಣಿ ನೀರಿನ ಲೋಟ ಎತ್ತಿಕೊಂಡು ಹೋದ.

ಇದು ಅಕ್ಕಾಡಿಯನ್ ಭಾಷೆ ಅವರಿಗೆ ಅಂಟಿಸಿದ ಚಟ. ಈಗಿನ ಇರಾಕಿನ ನೆಲದಲ್ಲಿ ಸಾವಿರಾರು ವರ್ಷಗಳ ಹಿಂದೆ ಜನ ಆಡುತ್ತಿದ್ದ, ಇಂದು ಯಾರ ಮನೆಯಲ್ಲೂ ಇಲ್ಲದ ಭಾಷೆ. ಹಸಿಮಣ್ಣಿನ ಹಲಗೆಯ ಮೇಲೆ ಜೊಂಡಿನ ಕಡ್ಡಿಯ ಮೂಲೆ ಒತ್ತಿ ಅದನ್ನು ಬರೆಯುತ್ತಿದ್ದರು. ಒತ್ತಿದಲ್ಲೆಲ್ಲ ಬೆಣೆಯಾಕಾರದ ಗುಳಿ. ಅದಕ್ಕೇ ಬೆಣೆಲಿಪಿ ಎಂಬ ಹೆಸರು. ಮಸಿಯಿಲ್ಲ. ಗುಳಿಯೊಳಗೆ ನೆರಳು ಬಿದ್ದರಷ್ಟೇ ಅಕ್ಷರ.

"ಬೆಳಕು ನೆತ್ತೀ ಮ್ಯಾಲಿಂದ ಬಂತಂದ್ರ ಬರೇ ಮಣ್ಣು ಕಾಣಸ್ತದ ತಮ್ಮಾ. ವಾರಿ, ಬಗಲಿಂದ ಬೀಳಬೇಕು. ಆಗ ನೋಡು," ಎನ್ನುತ್ತಿದ್ದರು.

ನಾನು ಮಿಸ್ಸಿಸಾಗಾದ ಮೆಡೋವೇಲಿನಲ್ಲಿ ಅವರ ಮನೆಯ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದೆ. ಮೈಸೂರಿನವನು, ಹತ್ತಿರದ ಸಾಫ್ಟ್‌ವೇರ್ ಆಫೀಸಿನಲ್ಲಿ ಕೆಲಸ. ತೊಂಬತ್ತರ ದಶಕದ ಕೊನೆಯ ವರ್ಷಗಳವು. ಕಾಕಾ ಧಾರವಾಡದವರು. ಕನ್ನಡದವರು ಬೆರಳೆಣಿಕೆಯಷ್ಟಿದ್ದ ಕಾಲದಲ್ಲೇ ಈ ಹಿಮದ ದೇಶಕ್ಕೆ ಬಂದು, ಸೇತುವೆಗಳ ಎಂಜಿನಿಯರಾಗಿ ದುಡಿದು ನಿವೃತ್ತರಾದವರು. ನಿವೃತ್ತರಾದ ಮರುವರ್ಷವೇ ಯೂನಿವರ್ಸಿಟಿಯ ಸಂಜೆ ಕ್ಲಾಸಿಗೆ ಸೇರಿ, ಮೊಮ್ಮಕ್ಕಳ ವಯಸ್ಸಿನವರ ನಡುವೆ ಕುಳಿತು ಅಕ್ಕಾಡಿಯನ್ ಕಲಿತರು. ಕನ್ನಡ ಕೂಟದ ಊಟದಲ್ಲಿ ಯಾರಾದರೂ, ಇದರ ಬದಲು ಸಂಸ್ಕೃತವನ್ನಾದರೂ ಕಲಿಯಬಾರದಿತ್ತೇ ಎಂದು ಕೆಣಕಿದರೆ ಉತ್ತರ ಸಿದ್ಧವಿರುತ್ತಿತ್ತು: "ಸಂಸ್ಕೃತಕ್ಕ ನೀವೆಲ್ಲಾ ಅದೀರಲ್ಲ. ಇದಕ್ಕ ಯಾರದಾರ?"

ಹಾಗೆ ಕೇಳಿದವರು ಸಂಸ್ಕೃತ ಕಲಿತವರೇನಲ್ಲ ಎಂಬುದು ಅವರಿಗೂ ಗೊತ್ತಿತ್ತು.

ಮಿಸ್ಸಿಸಾಗಾದಲ್ಲಿ ಇರಾಕಿನವರೊಬ್ಬರ ರೊಟ್ಟಿಯ ಅಂಗಡಿ ಇತ್ತು. ಕಾಕಾ ಅಲ್ಲಿ ಹೋಗಿ, ನಿಮ್ಮ ನೆಲದ ಹಳಬರು ಮನೆಗೆ 'ಬೀತು' ಎನ್ನುತ್ತಿದ್ದರು, ನಾಯಿಗೆ 'ಕಲ್ಬು' ಎನ್ನುತ್ತಿದ್ದರು ಎಂದು ಪಾಠ ಒಪ್ಪಿಸುತ್ತಿದ್ದರು. ಒಮ್ಮೆ ಅಂಗಡಿಯವನು ನಕ್ಕು, ಅರಬ್ಬಿಯಲ್ಲಿ ನಾವೀಗಲೂ 'ಬೈತ್', 'ಕಲ್ಬ್' ಅನ್ನುತ್ತೇವಲ್ಲ ಎಂದ. "ಡೆಡ್ ಲ್ಯಾಂಗ್ವೇಜ್ ಅಂತಾರ, ಅವರ ಅಕ್ಕನ ಮಕ್ಕಳು ರೊಟ್ಟಿ ಮಾರಲಿಕ್ಕೆ ಹತ್ಯಾರ ನೋಡು," ಎಂದು ಕಾಕಾ ದಾರಿಯುದ್ದಕ್ಕೂ ಹಿಗ್ಗಿದರು.

ಅವರು ಕಾರು ಓಡಿಸುವುದನ್ನು ಬಿಟ್ಟ ಮೇಲೆ ಶನಿವಾರಗಳಲ್ಲಿ ನಾನೇ ಕರೆದೊಯ್ಯುತ್ತಿದ್ದೆ. ಹೆಂಡತಿ ಸುಮತಿ ಕಾಕುಗೆ ಲೈಬ್ರರಿ ಎಂದು ಹೇಳಿ ಹೊರಡುತ್ತಿದ್ದರು. ಹೋಗುತ್ತಿದ್ದುದು ಕಣ್ಣಿನ ಡಾಕ್ಟರ ಬಳಿ. ಗ್ಲಾಕೋಮಾ. ಹೋದ ದೃಷ್ಟಿ ಬರುವುದಿಲ್ಲ, ಇರುವುದೂ ಬಹಳ ಕಾಲ ನಿಲ್ಲಲಿಕ್ಕಿಲ್ಲ ಎಂದು ಒಂದು ಶನಿವಾರ ಡಾಕ್ಟರು ಹೇಳಿದರು. ಮರಳಿ ಬರುವಾಗ ಕಾಕಾ ಕಾರಿನಲ್ಲಿ ಹೇಳಿದರು.

"ಕಣ್ಣು ಹೋತಂದ್ರ ಪುಸ್ತಕ ಹೋತು. ಆದ್ರ ಇದು ಗುಳೀ ಲಿಪಿ ಅಲ್ಲೇನು? ಬೆರಳಿಗೂ ಸಿಗ್ತದ. ಕಣ್ಣಿರೂದ್ರಾಗ ದೊಡ್ಡ ದೊಡ್ಡ ಅಕ್ಷರದಾಗ ಮಣ್ಣಿಗೆ ಇಳಿಸಿ ಇಟ್ಕೋತೇನಿ. ಸುಮತಿಗೆ ಹೇಳಬ್ಯಾಡ, ಆಕೀ ಬಿಪಿ ಏರ್ತದ."

ಅವರು ಆರಿಸಿಕೊಂಡದ್ದು ರಾಜರ ಶಾಸನಗಳನ್ನಲ್ಲ. ವ್ಯಾಪಾರಕ್ಕೆಂದು ಪರದೇಶಕ್ಕೆ ಹೋಗಿ ಕುಳಿತ ಗಂಡಂದಿರಿಗೆ ಹೆಂಡಂದಿರು ಬರೆಸಿ ಕಳಿಸಿದ ತಕರಾರಿನ ಓಲೆಗಳನ್ನು. ಕುಂಬಾರಿಕೆಯ ಸಾಮಾನು ಮಾರುವ ಅಂಗಡಿಯ ಮಣ್ಣು, ಚೀನೀ ಊಟದ ಜೊತೆ ಬರುವ ಚಾಪ್‌ಸ್ಟಿಕ್ಕು. ನನ್ನ ಕೋಣೆಯ ಆಚೆ ಬಟ್ಟೆ ಒಗೆಯುವ ಮಷೀನಿನ ಪಕ್ಕ ಕುಳಿತು, ದೀಪ ಓರೆ ಮಾಡಿಕೊಂಡು, ಪುಸ್ತಕದ ಚಿತ್ರ ನೋಡಿ ನೋಡಿ ಒತ್ತುತ್ತಿದ್ದರು. ತಿದ್ದುವುದು ಇದ್ದೇ ಇರುತ್ತದೆಂದು ಹಲಗೆಗಳನ್ನು ಒಣಗಲು ಬಿಡದೆ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಹೊದಿಸಿ ಇಡುತ್ತಿದ್ದರು. ಚಳಿಗಾಲ ಕಳೆದು ಬೇಸಿಗೆಯೂ ಮುಗಿಯಿತು. ಎಲ್ಲ ಮುಗಿದ ಮೇಲೆ ಒಟ್ಟಿಗೆ ಸುಡಿಸುವುದೆಂದು ಎಣಿಸಿದ್ದರು.

ಅಷ್ಟರಲ್ಲಿ ಗಣೇಶ ಚೌತಿ ಬಂತು. ಸುಮತಿ ಕಾಕು ಪ್ರತಿವರ್ಷ ಗಣಪತಿಯನ್ನು ಕೈಯಾರೆ ಮಾಡುವವರು. ಸಂಜೆ ಕ್ಲಾಸಿನ ದಿನಗಳಿಂದ ಕಾಕಾ ಅಭ್ಯಾಸಕ್ಕೆಂದು ತರುತ್ತಿದ್ದ ಮಣ್ಣಿನ ಚೀಲದಿಂದ ಒಂದಿಷ್ಟು ತೆಗೆದುಕೊಳ್ಳುವುದು ವಾಡಿಕೆ. ಆ ವರ್ಷ ಕೆಳಗಿಳಿದು ಬಂದವರಿಗೆ ಚೀಲ ಖಾಲಿ ಕಂಡಿದೆ. ಪಕ್ಕದಲ್ಲಿ, ಒದ್ದೆ ಬಟ್ಟೆಯಲ್ಲಿ ಜೋಪಾನವಾಗಿ ಸುತ್ತಿಟ್ಟ ಹದವಾದ ಮಣ್ಣು. ನೆತ್ತಿಯ ಮೇಲಿನ ದೀಪದಲ್ಲಿ ಗುಳಿಗಳು ಕಂಡಿಲ್ಲ; ಗಂಡ ತನಗಾಗಿಯೇ ನೆನೆಸಿಟ್ಟಿದ್ದಾರೆಂದುಕೊಂಡು ಅಷ್ಟನ್ನೂ ನಾದಿದ್ದಾರೆ.

ಚೌತಿಯ ಬೆಳಿಗ್ಗೆ ನಾನು ಮೇಲೆ ಹೋದಾಗ ಲಿವಿಂಗ್ ರೂಮಿನ ತುಂಬ ಜನ. ಎಂದಿಗಿಂತ ದೊಡ್ಡ ಗಣಪತಿ. ಬೆನ್ನಿನ ಕೆಳಗೆ, ನಾದುವಾಗ ಅಳಿಯದೆ ಉಳಿದ ನಾಲ್ಕೈದು ಬೆಣೆಗಳು. ಕಾಕಾನ ಬೆರಳು ಅಲ್ಲಿ ಹೋಗಿ ನಿಂತದ್ದನ್ನು ನಾನು ನೋಡಿದೆ.

"ಈ ಸರ್ತಿ ಮಣ್ಣು ಭಾಳ ಛಲೋ ಹದಾ ಬಂದಿತ್ತು ನೋಡ್ರಿ," ಎಂದರು ಕಾಕು.

"ಹೌದು, ಛಲೋ ಆಗೇದ," ಎಂದರು ಕಾಕಾ. ಮಡಿಯುಟ್ಟು ಪೂಜೆಗೆ ಕುಳಿತರು. ಬೈದರೆ ಕಣ್ಣಿನ ಸುದ್ದಿ ಹೊರಬೀಳುತ್ತಿತ್ತು. ಆದರೆ ಅದೊಂದೇ ಕಾರಣವಿರಲಿಕ್ಕಿಲ್ಲ ಎಂದು ಈಗ ಅನ್ನಿಸುತ್ತದೆ.

ಸಂಜೆ ಹಿತ್ತಲಿನ ಬಕೆಟ್ಟಿನಲ್ಲಿ ಗಣಪತಿಯನ್ನು ಬಿಟ್ಟವರೂ ಅವರೇ. ಕರಗುವುದನ್ನು ನೋಡುತ್ತ ನನಗೆ ಹೇಳಿದರು: "ಅಲ್ಲಿ ಮಂದೀನೂ ಹಿಂಗ ಮಾಡ್ತಿದ್ರು. ಓದಿ ಮುಗಿಸಿದ ಹಲಗಿ ನೀರಾಗ ನೆನಿಸಿ ಹೊಸಾದು ಮಾಡ್ಕೋತಿದ್ರು."

"ನೀವಿನ್ನೂ ಓದೇ ಇರ್ಲಿಲ್ವಲ್ಲ ಕಾಕಾ," ಎಂದೆ. ಅವರು ಬಕೆಟ್ಟಿನ ತಳದಲ್ಲಿ ಉಳಿದ ಮಣ್ಣನ್ನು ಸೋಸಿ, ಬಟ್ಟೆಯಲ್ಲಿ ಕಟ್ಟಿಟ್ಟರು.

ಮತ್ತೆ ಶುರು ಮಾಡಿದರು. ಆದರೆ ಹಿಮ ಬೀಳುವ ಹೊತ್ತಿಗೆ ಪುಸ್ತಕದ ಚಿತ್ರಗಳು ಅವರಿಗೆ ಕಾಣದಾದವು. ಒಂದು ಮಧ್ಯಾಹ್ನ ಕಾಕು ಟಪಾಲು ತಂದುಕೊಟ್ಟರಂತೆ. ಕಾಕಾ ಬಿಡಿಸಿ, ನೋಡಿದಂತೆ ಮಾಡಿ, ಪಕ್ಕಕ್ಕಿಟ್ಟರಂತೆ. ಲ್ಯಾಂಪು ಇದ್ದಲ್ಲೇ ಇತ್ತು.

"ದೀಪಾ ಯಾಕ ಸರಸಲಿಲ್ಲ?" ಎಂದು ಕಾಕು ಕೇಳಿದರು. ಅಲ್ಲಿಗೆ ಎಲ್ಲವೂ ಹೊರಗೆ ಬಂತು. ಆ ದಿನ ತಾವು ಎರಡು ಸಲ ಅತ್ತುದಾಗಿ ಕಾಕುವೇ ನನಗೆ ಹೇಳಿದರು: ಒಮ್ಮೆ ಕಣ್ಣಿಗೆ, ಒಮ್ಮೆ ಗಣಪತಿಗೆ.

ಮರುವಾರದಿಂದ ಬೇಸ್‌ಮೆಂಟಿನಲ್ಲಿ ಇಬ್ಬರ ಧ್ವನಿ. ಕಾಕು ಕನ್ನಡಕ ಏರಿಸಿ ಪುಸ್ತಕ ನೋಡಿಕೊಂಡು ಒತ್ತುವುದು, ಅರೆ ಒಣಗಿದ ಹಲಗೆಯ ಮೇಲೆ ಕಾಕಾ ಬೆರಳಾಡಿಸಿ ಓದುವುದು.

"ಈ ಬೆಣಿ ನಿಂತಿರಬೇಕಾಗಿತ್ತು, ಮಲಗೇದ."

"ನನಗ ಚಕ್ಕಲಿ ಒತ್ತಿ ರೂಢಿ. ನಿಲ್ಲಸೂದು ಮಲಗಸೂದು ನನಗೇನ್ ತಿಳೀತದ?"

"ಮತ್ತೊಮ್ಮೆ ಒತ್ತು."

"ಅಲ್ರೀ, ಇಷ್ಟು ಒತ್ತಸ್ತೀರಿ, ಏನ್ ಬರದದ ಇದರಾಗ?"

"ನೀ ನನಗ ದಿನಾ ಏನಂತೀ, ಅದ. ನಾಕು ಸಾವಿರ ವರ್ಷದಿಂದ ಅದ ಅನ್ಕೋತ ಬಂದೀರಿ."

ಗೋಡೆಯಾಚೆ ಕುಳಿತು ನಾನೂ ನಕ್ಕಿದ್ದೇನೆ. ಆ ಹಲಗೆಗಳನ್ನು ಕುಂಬಾರಿಕೆ ಕಲಿಸುವ ಕಡೆ ಕೊಟ್ಟು ಸುಡಿಸಿ ತಂದವನೂ ನಾನೇ. ಬಳಿಕ ಕೆಲಸ ಬದಲಾಗಿ ದೂರದ ಯೂನಿಯನ್‌ವಿಲ್ ಕಡೆಗೆ ಹೋದೆ; ಹೋಗಿಬರುವುದು ಕಡಿಮೆಯಾಯಿತು. ಹೋದಾಗಲೆಲ್ಲ ಕಾಕಾ ಆರಿದ ದೀಪದ ಪಕ್ಕ, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು, ತುಟಿಯಾಡಿಸುತ್ತ ಕುಳಿತಿರುತ್ತಿದ್ದರು. ಹಾಗೆ ಕೆಲವು ವರ್ಷ ಓದಿ, ಒಂದು ಮಾರ್ಚ್ ತಿಂಗಳಲ್ಲಿ ಹೋಗಿಬಿಟ್ಟರು.

ಆ ವರ್ಷದ ಚೌತಿಯ ಮುನ್ನಾದಿನ ಕಾಕುವನ್ನು ನೋಡಲು ಹೋದೆ. ಮರಣವಾದ ಮನೆ, ಹಬ್ಬವಿಲ್ಲ. ಕಾಕಾನ ಮೇಜಿನ ಮೇಲೆ ಹಲಗೆಗಳು ಹಾಗೇ ಇದ್ದವು. ಒಂದನ್ನು ಎತ್ತಿಕೊಂಡೆ. ಮೇಲಿನ ಟ್ಯೂಬ್‌ಲೈಟಿನಲ್ಲಿ ಏನೂ ಕಾಣಲಿಲ್ಲ, ಬರೀ ಮಣ್ಣು.

"ಹಂಗ ಕಾಣಸೂದಿಲ್ಲ, ತಡಿ," ಎಂದು ಕಾಕು ಲ್ಯಾಂಪಿನ ಕತ್ತು ಹಿಡಿದು ಎಡಗಡೆಗೆ ಎಳೆದರು. ಬೆಣೆಗಳೆಲ್ಲ ಎದ್ದು ನಿಂತವು.

"ಓದಲಿಕ್ಕೆ ನನಗೇನ್ ಬರ್ತದ," ಎನ್ನುತ್ತ ಮೂರನೆಯ ಸಾಲಿನ ನಡುವೆ ಬೆರಳಿಟ್ಟರು. "ಇಲ್ಲೆ ಬಂದ್ರ ದಿನಾ ನಿಲ್ಲತಿದ್ರು. ನನ್ನ ಕೈ ತಪ್ಪಿ ಒತ್ತಿದ್ದು ಇದು. ಸುಡೂಕಿಂತ ಮೊದಲ ತಿದ್ದತೇನಿ ಅಂದೆ. ಇರ್ಲಿ ಬಿಡು, ಇಲ್ಲೆ ಬಂದ್ರ ನೀ ಸಿಗ್ತೀ ಅಂದ್ರು."

ಕಾಕು ದೀಪ ಆರಿಸಿದರು. ಬೆರಳು ಹಲಗೆಯ ಮೇಲೇ ಇತ್ತು.